460 ವೋಲ್ಟ್, 60 ಸೈಕಲ್ ಮೋಟಾರು ನಮ್ಮ ಲೈನಿಗೆ ಒಗ್ಗಿದ್ದು

ಅಮೆರಿಕದಿಂದ ಬಂದ ಹಳೆಯ ರಬ್ಬರ್ ಪ್ರೆಸ್ (ರಬ್ಬರನ್ನು ಬಿಸಿಯಲ್ಲಿ ಒತ್ತಿ ಅಚ್ಚು ಹಾಕುವ ಯಂತ್ರ). 10 ಎಚ್‌ಪಿ, 4 ಪೋಲ್ ಮೋಟಾರು, ಪ್ಲೇಟಿನ ಮೇಲೆ 460 ವೋಲ್ಟ್, 60 ಸೈಕಲ್ (ಹರ್ಟ್ಸ್). ನಮ್ಮ ಲೈನು 415 ವೋಲ್ಟ್, 50 ಸೈಕಲ್. ‘ನಮ್ಮದು 415, ಅದಕ್ಕಿಂತ ಕಡಿಮೆನೇ ಅಲ್ವಾ, ನೇರ ಕೊಡಿ’ ಅಂದವರೇ ಹೆಚ್ಚು. ಕೊಟ್ಟು ನೋಡಿದೆವು. ಖಾಲಿ ಓಟಕ್ಕೇ ಆರೂವರೆ ಆಂಪ್ ಎಳೆಯಿತು, ಎರಡು ಗಂಟೆಯಲ್ಲಿ ಬಾಡಿ ಮೇಲೆ ಕೈ ಇಡಲಾಗಲಿಲ್ಲ. ವೋಲ್ಟನ್ನು ಸೈಕಲ್‌ನಿಂದ ಭಾಗಿಸಿದರೆ ಗುಟ್ಟು ಗೊತ್ತಾಗುತ್ತದೆ: ಅಲ್ಲಿ 460/60, ಅಂದರೆ 7.67; ಇಲ್ಲಿ 415/50, ಅಂದರೆ 8.3. ವೋಲ್ಟೇಜು ಇಳಿದರೂ ಕೋರಿನ ಫ್ಲಕ್ಸ್ (ಒಳಗಿನ ಕಬ್ಬಿಣದ ಕಾಂತಪ್ರವಾಹ) ಶೇ 8 ಏರಿತು. ವೇಗ 1750ರಿಂದ 1450ಕ್ಕೆ ಬಿದ್ದದ್ದರಿಂದ ಫ್ಯಾನಿನ ಗಾಳಿಯೂ ಸಾಲದು.

ಹೊಸ ಮೋಟಾರು ಕೂರುವುದಿಲ್ಲ. ಇದರ ಶಾಫ್ಟ್ 34.9 ಮಿ.ಮೀ., ನಮ್ಮ 132 ಫ್ರೇಮಿನ (ಮೋಟಾರಿನ ಅಳತೆಯ ಸಂಖ್ಯೆ) ಮೋಟಾರಿನದು 38. ಕಪ್ಲಿಂಗ್, ಬೇಸ್ ಎರಡೂ ಬದಲಾಗಬೇಕು. ವಿಎಫ್‌ಡಿಗೆ (ಸೈಕಲ್ ಬದಲಿಸಿ ವೇಗ ಹೊಂದಿಸುವ ಡ್ರೈವ್) ಕೇಳಿದ್ದು ಮೂವತ್ತೈದು ಸಾವಿರದ ಆಸುಪಾಸು. ಅದನ್ನು ಹಾಕಿದರೂ 415ರ ಲೈನಿನಲ್ಲಿ ಮೋಟಾರಿಗೆ 54 ಸೈಕಲ್‌ವರೆಗೆ ಮಾತ್ರ ಪೂರ್ತಿ ಟಾರ್ಕ್ (ತಿರುಗುಬಲ) ಸಿಗುತ್ತದೆ.

ಕೊನೆಗೆ ರೀವೈಂಡಿಂಗ್, ಅಂದರೆ ತಂತಿಯನ್ನು ಹೊಸದಾಗಿ ಸುತ್ತುವುದು. ಸುತ್ತು ಹೆಚ್ಚಿಸಿದರೆ ಫ್ಲಕ್ಸ್ ಇಳಿಯುತ್ತದೆ. ಕಾಯಿಲಿಗೆ 24 ಸುತ್ತಿತ್ತು, 26 ಹಾಕಿದೆವು. ತಂತಿ 1.20 ಮಿ.ಮೀ.ನ ಜೋಡಿಯನ್ನು 1.15ಕ್ಕೆ ಇಳಿಸಿದರೆ ಸ್ಲಾಟ್ (ಸುರುಳಿ ಕೂರುವ ಸೀಳು) ಸರಿಯಾಗಿ ತುಂಬುತ್ತದೆ. ಎಸ್‌ಡಬ್ಲ್ಯುಜಿ ಗೇಜ್ ಲೆಕ್ಕದಲ್ಲಿ 18 ಬಿಟ್ಟು 19 ಹಾಕಬೇಡಿ, ತಾಮ್ರ ಶೇ 30 ಕಡಿಮೆಯಾಗುತ್ತದೆ. ಮೊದಲ ಸಲ ಸ್ಲಾಟಿನ ಬಾಯಲ್ಲಿ ಇನ್ಸುಲೇಶನ್ ಪೇಪರ್ ಹರಿದು ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಸೊನ್ನೆ ತೋರಿಸಿತು; ಒಂದು ಗುಂಪು ಬಿಚ್ಚಿ ಮತ್ತೆ ಸುತ್ತಿದೆವು, ಎರಡು ಸಾವಿರ ದಂಡ. ಒಟ್ಟು ಸುಮಾರು ಒಂಬತ್ತು ಸಾವಿರ. ಈಗ ಖಾಲಿ ಓಟ ಐದು ಆಂಪ್, ಓವರ್‌ಲೋಡ್ ರಿಲೇಯ (ಹೆಚ್ಚು ಆಂಪ್ ಎಳೆದರೆ ಮೋಟಾರು ನಿಲ್ಲಿಸುವ ಸಾಧನ) ಸೆಟ್ಟಿಂಗ್ ಹನ್ನೆರಡೂವರೆಯಿಂದ ಹನ್ನೊಂದೂವರೆ ಆಂಪ್‌ಗೆ. ನೇರ ಕೊಡಿ ಅಂದವರೇ ಬಂದು ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ ಹೋದರು.

ಪ್ಯಾನೆಲ್ ಬೇರೆಯೇ ಪಾಠ ಕಲಿಸಿತು. 60 ಸೈಕಲ್‌ನ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಿತ್ತು, ಸೊಲೆನಾಯ್ಡ್ ಕಾಯಿಲ್ ಒಂದು ಕರಕಲಾಯಿತು. ಅವನ್ನೂ ಕಾಂಟ್ಯಾಕ್ಟರ್ ಕಾಯಿಲ್‌ಗಳನ್ನೂ 50ರವಕ್ಕೆ ಬದಲಿಸಲು ಆರು ಸಾವಿರ. ಆದರೂ ಮಾಲು ಗಟ್ಟಿಯಾಗಿ ಬಿರುಕು ಬಿಡುತ್ತಿತ್ತು. ಹೀಟರ್, ಕಾಂಪೌಂಡ್ ಎಲ್ಲ ತಡಕಾಡಿದ ಮೇಲೆ ಸ್ಟಾಪ್‌ವಾಚ್ ಹಿಡಿದೆವು: ಕ್ಯೂರಿಂಗ್ (ರಬ್ಬರ್ ಬೇಯಿಸುವ) ಟೈಮರ್ ಸಿಂಕ್ರೊನಸ್ ಮೋಟಾರಿನದು, ಲೈನಿನ ಸೈಕಲ್ ನೋಡಿ ಓಡುವಂಥದ್ದು; 300 ಸೆಕೆಂಡ್ ಇಟ್ಟರೆ 360 ಓಡುತ್ತಿತ್ತು. ಮುಳ್ಳನ್ನು 250ಕ್ಕೆ ತಂದಿಟ್ಟರೆ ಸರಿಹೋಯಿತು.

ಪ್ರೆಸ್ ಮುಚ್ಚಲು ಐದು ಸೆಕೆಂಡ್ ಹಿಡಿಯುತ್ತಿದ್ದದ್ದು ಈಗ ಆರು. ಅದಕ್ಕೆಂದು ಪ್ರೆಸ್ಸಿಗೆ ದೊಡ್ಡ ಪಂಪ್ ಹಾಕಬೇಡಿ. ವೇಗ ಇಳಿದದ್ದರಿಂದ ಮೋಟಾರಿನಲ್ಲಿ ಈಗ ಇರುವುದು 8.3 ಎಚ್‌ಪಿ ಮಾತ್ರ. ಹೊಸ ಪ್ಲೇಟಿನಲ್ಲೂ ಅಷ್ಟನ್ನೇ ಕೊರೆಸಿದ್ದೇವೆ.