ಬಿರುಗಾಳಿಯ ನಂತರ ಗಾಳದ ಹೊಂಡ: ಮುಚ್ಚುವುದು, ದುರಸ್ತಿ ಮಾಡುವುದು, ಮತ್ತೆ ತೆರೆಯುವುದು

ಭರಣಿ ಮಳೆಯಿಂದ ರೋಹಿಣಿ ಮಳೆಯವರೆಗೆ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಸಂಜೆಯ ಹೊತ್ತು ಏಳುವ ಬಿರುಗಾಳಿಗೆ ತಗಡಿನ ಶೆಡ್ಡು, ಬೇವಿನ ಮರ, ವಿದ್ಯುತ್ ಕಂಬ ಯಾವುದೂ ಲೆಕ್ಕಕ್ಕಿಲ್ಲ. ದಿನದ ಶುಲ್ಕ ಪಡೆದು ಗಾಳ ಹಾಕಲು ಬಿಡುವ ಮೀನು ಹೊಂಡವನ್ನು ನಡೆಸುವವರು ಅಂಥ ಗಾಳಿಯ ಮರುದಿನ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಮುಟ್ಟಬಾರದು, ಗೇಟನ್ನು ಎಲ್ಲಿಯವರೆಗೆ ಮುಚ್ಚಿರಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮೂರು ಎಕರೆಯ ಹೊಂಡವೊಂದನ್ನು ನೋಡಿಕೊಳ್ಳುತ್ತಿರುವ ನನಗೆ ಇದರಲ್ಲಿ ಅರ್ಧದಷ್ಟು ತಿಳಿದದ್ದು ನಷ್ಟದಿಂದಲೇ.

ಗಾಳದ ಉದ್ಯಾನ ಎಂದ ಕೂಡಲೇ ಹೆಚ್ಚಿನವರ ಕಣ್ಣಮುಂದೆ ಬರುವುದು ಗುಡ್ಡಗಾಡಿನ ಟ್ರೌಟ್ ಉದ್ಯಾನ. ಟ್ರೌಟ್ ಹರಿಯುವ ತಣ್ಣೀರಿನ ಮೀನು. ಸುಮಾರು 10ರಿಂದ 18 ಡಿಗ್ರಿಯ ನೀರಿನಲ್ಲಿ ಅದು ಚೆನ್ನಾಗಿರುತ್ತದೆ. ಅಲ್ಲಿ ಗಾಳಿ-ಮಳೆಯ ಹಾನಿ ಕಣ್ಣಿಗೆ ಕಾಣುತ್ತದೆ: ಮರ ಬಿದ್ದು ತೊರೆ ಕಟ್ಟಿಕೊಳ್ಳುತ್ತದೆ, ನೀರು ಒಳಬರುವ ಬಾಯಿಗೆ ಕಸ ತುಂಬುತ್ತದೆ, ಅಥವಾ 2023ರ ಜುಲೈಯಲ್ಲಿ ಹಿಮಾಚಲದ ಕುಲು ಕಣಿವೆಯಲ್ಲಿ ಆದಂತೆ ಪ್ರವಾಹವೇ ಸಾಕಣೆ ತೊಟ್ಟಿಗಳಿಗೆ ನುಗ್ಗುತ್ತದೆ. ಕಸ ತೆಗೆದು ಹರಿವು ತಿಳಿಯಾದರೆ ಅಲ್ಲಿಯ ಅರ್ಧ ಕೆಲಸ ಮುಗಿದಂತೆ. ನಮ್ಮಲ್ಲಿರುವುದು ಕಟ್ಲ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ, ಅದೂ 30 ಡಿಗ್ರಿಯ ನಿಂತ ನೀರಿನಲ್ಲಿ. 15 ಡಿಗ್ರಿಯ ನೀರು ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯ ನೀರಿಗೆ ಏಳೂವರೆಯೇ ಹೆಚ್ಚು. ಆದ್ದರಿಂದ ನಮ್ಮ ಹೊಂಡಗಳಲ್ಲಿ ಗಾಳಿಯ ದೊಡ್ಡ ಹೊಡೆತ ಗಾಳಿಯ ರಾತ್ರಿ ಬೀಳುವುದಿಲ್ಲ. ಎರಡನೆಯ ಅಥವಾ ಮೂರನೆಯ ದಿನದ ನಸುಕಿನಲ್ಲಿ, ಅಂಗಳವನ್ನೆಲ್ಲ ಗುಡಿಸಿ ಸಾರಿಸಿ ನಿಟ್ಟುಸಿರು ಬಿಟ್ಟ ಮೇಲೆ ಬೀಳುತ್ತದೆ.

ಮುಚ್ಚುವ ಕೆಲಸ ಗಾಳಿ ಏಳುವ ಮೊದಲೇ ಆಗಬೇಕು. ಈಗಿನ ಗಾಳದ ಕೋಲುಗಳು ಬಹುಪಾಲು ಕಾರ್ಬನ್ ನಾರಿನವು, ಅವು ವಿದ್ಯುತ್ತನ್ನು ಹರಿಯಗೊಡುತ್ತವೆ; ಬಯಲಿನ ಏರಿಯ ಮೇಲೆ ಅದನ್ನೆತ್ತಿ ನಿಂತವನು ಸಿಡಿಲಿಗೆ ಕಂಬ ನೆಟ್ಟುಕೊಟ್ಟಂತೆ. ಗುಡುಗು ಕೇಳಿಸಿತೆಂದರೆ ಎಲ್ಲರನ್ನೂ ಪಕ್ಕಾ ಕಟ್ಟಡದೊಳಗೆ ಇಲ್ಲವೇ ಕಾರಿನೊಳಗೆ ಕಳಿಸಬೇಕು, ಮರದಡಿಗಲ್ಲ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ನೀರಿನ ಅಂಚಿಗೆ ಯಾರನ್ನೂ ಬಿಡಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಸುತ್ತಮುತ್ತ ಸಿಡಿಲು ಬೀಳುತ್ತಿರುವುದನ್ನು ತೋರಿಸುತ್ತದೆ, ಅದನ್ನು ಕಾವಲುಗಾರನ ಫೋನಿನಲ್ಲೂ ಹಾಕಿಸಿಕೊಡಿ. ಗೇಟಿಗೆ ಬೀಗ ಹಾಕಿದರೆ ಸಾಲದು, ಕಾಲುವೆ ದಂಡೆಯಿಂದ ಬರುವ ಕಾಲುದಾರಿಗೂ ಹಗ್ಗ ಕಟ್ಟಬೇಕು. ಹಲಗೆಯ ಮೇಲೆ ಮುಚ್ಚಿರುವ ಕಾರಣವನ್ನು ಬರೆಯಿರಿ, ತೆರೆಯುವ ತಾರೀಖನ್ನು ಬರೆಯಬೇಡಿ. ತಾರೀಖು ಬರೆದರೆ ಆ ದಿನ ನೀರು ಸರಿಯಿರಲಿ ಬಿಡಲಿ ಜನ ಬಂದು ನಿಲ್ಲುತ್ತಾರೆ.

ಬೆಳಗಾದ ಮೇಲೆ ಮೊದಲು ನೋಡಬೇಕಾದದ್ದು ನೀರನ್ನಲ್ಲ, ತಂತಿಯನ್ನು. ಕಂಬ ವಾಲಿದ್ದರೆ ಅಥವಾ ತಂತಿ ನೆಲಕ್ಕೋ ನೀರಿಗೋ ಬಿದ್ದಿದ್ದರೆ ಕನಿಷ್ಠ 10 ಮೀಟರ್ ದೂರ ನಿಂತು 1912ಕ್ಕೆ ಕರೆ ಮಾಡಿ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂಗೆ ತಿಳಿಸಬೇಕು. ಕರೆಂಟ್ ಇಲ್ಲವಲ್ಲ ಎಂದು ಕೋಲಿನಿಂದ ತಂತಿ ಸರಿಸುವುದು ಹುಚ್ಚು ಸಾಹಸ. ಲೈನು ಯಾವ ಗಳಿಗೆಯಲ್ಲಾದರೂ ಮತ್ತೆ ಚಾರ್ಜ್ ಆಗಬಹುದು. ನೀರಿಗೆ ಗಾಳಿ ಬೆರೆಸುವ ಏರೇಟರಿನ ಸ್ಟಾರ್ಟರ್ ಪೆಟ್ಟಿಗೆಗೆ ಮಳೆನೀರು ಹೊಕ್ಕಿದ್ದರೆ ಅದು ಪೂರ್ತಿ ಒಣಗಿ, ಬಲ್ಲವರು ನೋಡುವವರೆಗೆ ಗುಂಡಿ ಒತ್ತಬಾರದು.

ಎರಡನೆಯ ಕೆಲಸ ಫೋಟೊ. ಬಿದ್ದ ಶೆಡ್ಡು, ಕುಸಿದ ಏರಿ, ಸತ್ತ ಮೀನು ಎಲ್ಲವನ್ನೂ ತೆರವು ಮಾಡುವ ಮೊದಲೇ ದಿನಾಂಕ ಕಾಣುವಂತೆ ತೆಗೆದುಕೊಂಡು, ಗ್ರಾಮ ಆಡಳಿತ ಅಧಿಕಾರಿಗೂ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೂ ಲಿಖಿತವಾಗಿ ತಿಳಿಸಿ ಪಂಚನಾಮೆ ಕೇಳಬೇಕು. ಚೊಕ್ಕಟ ಮಾಡಿದ ಅಂಗಳದಲ್ಲಿ ಯಾವ ಪಂಚನಾಮೆಯೂ ನಿಲ್ಲುವುದಿಲ್ಲ.

ಏರಿಗೆ ಸಾಕಷ್ಟು ಸಮಯ ಕೊಡಿ. ನಮ್ಮದು ಕರಿ ಎರೆಮಣ್ಣು. ಬೇಸಿಗೆಯಲ್ಲಿ ಅದು ಕೈ ಇಳಿಯುವಷ್ಟು ಬಿರಿದಿರುತ್ತದೆ, ಮೊದಲ ಜೋರು ಮಳೆಯ ನೀರು ಆ ಬಿರುಕಿನೊಳಗೆ ನೇರವಾಗಿ ಇಳಿಯುತ್ತದೆ, ಇಲಿ ಮತ್ತು ಏಡಿಗಳ ಬಿಲಗಳು ಅದಕ್ಕೆ ಒಳದಾರಿ ಮಾಡಿಕೊಡುತ್ತವೆ. ಮೇಲೆ ನಡೆದು ನೋಡಿದರೆ ಏನೂ ತಿಳಿಯದು, ಏರಿಯ ಹೊರಬುಡದಲ್ಲಿ ನಿಧಾನವಾಗಿ ಸುತ್ತು ಹಾಕಬೇಕು. ಒಣಗಿರಬೇಕಾದ ಕಡೆ ಹೆಜ್ಜೆ ಹುದುಗಿದರೆ ಅಲ್ಲೊಂದು ಕೋಲು ನೆಟ್ಟು ಗುರುತು ಮಾಡಿ. ಜಿನುಗುವ ನೀರು ತಿಳಿಯಾಗಿದ್ದರೆ ಒಂದು ದಿನ ಕಾಯಬಹುದು. ಕೆಸರು ಬಣ್ಣದ ನೀರು ಬರುತ್ತಿದ್ದರೆ ಏರಿಯ ಮಣ್ಣೇ ಒಳಗಿಂದ ಕೊಚ್ಚಿಹೋಗುತ್ತಿದೆ ಎಂದರ್ಥ, ಕೂಡಲೇ ತೂಬು ತೆರೆದು ಹೊಂಡದ ಮಟ್ಟ ಇಳಿಸಬೇಕು. ದುರಸ್ತಿಗೆ ಮೇಲೊಂದಿಷ್ಟು ಮಣ್ಣು ಸುರಿದರೆ ಅದು ಮುಂದಿನ ಮಳೆಗೆ ಹಪ್ಪಳದಂತೆ ಕಳಚುತ್ತದೆ. ಬಿಲ ಸಿಗುವವರೆಗೆ ಅಗೆದು, ಹದವಾಗಿ ತೇವವಿರುವ ಜೇಡಿಮಣ್ಣನ್ನು ಗೇಣು ದಪ್ಪದ ಪದರಗಳಲ್ಲಿ ತುಂಬಿ, ಪ್ರತಿ ಪದರವನ್ನೂ ದಿಮ್ಮಸಿನಿಂದ ಬಡಿದು, ಮೇಲ್ಮೈಗೆ ಗರಸು ಹಾಸಬೇಕು. ಕೋಡಿಯ ಜಾಲರಿ ಹರಿದಿದ್ದರೆ ಅದೇ ದಿನ ಬದಲಿಸಿ, ಇಲ್ಲದಿದ್ದರೆ ನಿಮ್ಮ ಗೆಂಡೆ ಹಳ್ಳ ಸೇರುತ್ತದೆ.

ಮರ ಮತ್ತು ತಗಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾರಿದ ತಗಡು ನೀರಿನ ಅಂಚಿನಲ್ಲೇ ಹುದುಗಿರುತ್ತದೆ, ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿಕೊಂಡು ಬರುತ್ತದೆ. ಗಟ್ಟಿ ಬೂಟು ಹಾಕದೆ ಯಾರೂ ನೀರಿಗಿಳಿಯಬಾರದು. ನೀರಿಗೆ ಬಿದ್ದ ಕೊಂಬೆಗಳನ್ನು ಸೊಪ್ಪಿನ ಸಮೇತ ಅಂದೇ ಎಳೆಯಬೇಕು, ಏಕೆಂದರೆ ಕೊಳೆಯುವ ಸೊಪ್ಪು ಮೀನಿನ ಪಾಲಿನ ಆಮ್ಲಜನಕವನ್ನು ತಿನ್ನುತ್ತದೆ.

ಇನ್ನು ನೀರು. ಬೇಸಿಗೆಯಲ್ಲಿ ಹೊಂಡದ ಮೇಲುನೀರು ಬಿಸಿಯಾಗಿಯೂ ತಳದ ನೀರು ತಂಪಾಗಿಯೂ ಇದ್ದು, ತಳದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿರುತ್ತದೆ. ಗಾಳಿ ಮತ್ತು ತಣ್ಣನೆಯ ಮಳೆ ಇವೆರಡನ್ನೂ ಕಲಕಿ, ತಳದ ರಾಡಿಯನ್ನು ಮೇಲಕ್ಕೆ ತರುತ್ತವೆ. ಅದರ ಮೇಲೆ ಮೋಡ ಮುಸುಕಿದರೆ ಪಾಚಿ ಆಮ್ಲಜನಕ ತಯಾರಿಸುವುದು ತಗ್ಗುತ್ತದೆ, ಪಾಚಿಯೇ ಸಾಯತೊಡಗಿದರೆ ಇದ್ದದ್ದೂ ಖರ್ಚಾಗುತ್ತದೆ. ಒಮ್ಮೆ ಮೇ ತಿಂಗಳಲ್ಲಿ ನಾನು ಎರಡೇ ದಿನದಲ್ಲಿ ಶೆಡ್ಡು ನೆಟ್ಟಗೆ ಮಾಡಿಸಿ ಮೂರನೆಯ ದಿನ ತೆರೆಯುತ್ತೇನೆಂದು ಎಲ್ಲರಿಗೂ ಹೇಳಿಬಿಟ್ಟಿದ್ದೆ. ಆ ನಸುಕಿನಲ್ಲಿ ಬ್ಯಾಟರಿ ಹಿಡಿದು ಹೋದರೆ ನೀರಿನ ಮೇಲೆ ನೂರಾರು ಬಾಯಿಗಳು ಒಂದೇ ಸಮನೆ ತೆರೆದು ಮುಚ್ಚುತ್ತಿದ್ದವು, ಹೆಜ್ಜೆ ಸಪ್ಪಳಕ್ಕೂ ಅವು ಮುಳುಗಲಿಲ್ಲ. ಬಿಸಿಲು ಏರುವಷ್ಟರಲ್ಲಿ ದೊಡ್ಡ ಕಟ್ಲಗಳೆಲ್ಲ ಹೊಟ್ಟೆ ಮೇಲಾಗಿದ್ದವು.

ಆದ್ದರಿಂದ ಗಾಳಿಯ ನಂತರ ಕನಿಷ್ಠ ನಾಲ್ಕು ದಿನ ಸೂರ್ಯೋದಯಕ್ಕೆ ಮೊದಲು ಆಮ್ಲಜನಕ ಅಳೆಯಬೇಕು. ಮಧ್ಯಾಹ್ನದ ಅಳತೆ ಸುಳ್ಳು ಸಮಾಧಾನ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಸರಿ, 3ಕ್ಕಿಂತ ಇಳಿದರೆ ರಾತ್ರಿಯಿಡೀ ಏರೇಟರ್ ನಡೆಯಬೇಕು. ಕರೆಂಟ್ ಇಲ್ಲದಿದ್ದರೆ ಡೀಸೆಲ್ ಪಂಪಿನಿಂದ ಹೊಂಡದ ಮೇಲುನೀರನ್ನೇ ಎತ್ತಿ, ಎತ್ತರಕ್ಕೆ ಕಟ್ಟಿದ ತೂತಿನ ತಗಡಿನ ಮೇಲೆ ಸುರಿಯುವಂತೆ ಮಾಡಿ. ಆ ದಿನಗಳಲ್ಲಿ ಮೇವು ನಿಲ್ಲಿಸಿ, ಮೀನು ಹಸಿದು ಸಾಯುವುದಿಲ್ಲ. ಮಳೆಯಾದ ಕೂಡಲೇ ಸುಣ್ಣ ಎರಚುವ ರೂಢಿ ನಮ್ಮ ಕಡೆ ಇದೆ, ನನಗದು ಒಪ್ಪಿಗೆಯಿಲ್ಲ. ಎರೆಭೂಮಿಯ ನೀರು ಮೊದಲೇ ಕ್ಷಾರ, ಪಿಎಚ್ 8.5 ದಾಟಿರುವಾಗ ಸುಣ್ಣ ಬಿದ್ದರೆ ನೀರಿನಲ್ಲಿರುವ ಅಮೋನಿಯಾದ ವಿಷ ಇನ್ನೂ ಏರುತ್ತದೆ. ಅಳೆದು ನೋಡಿ 7ಕ್ಕಿಂತ ಕಡಿಮೆಯಿದ್ದರೆ ಮಾತ್ರ ಎಕರೆಗೆ 20ರಿಂದ 40 ಕಿಲೋ ಕೃಷಿ ಸುಣ್ಣವನ್ನು ನೀರಿನಲ್ಲಿ ಕದಡಿ ಹಾಕಿ.

ಸತ್ತ ಮೀನಿನ ಲೆಕ್ಕ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಏಕೆಂದರೆ ಹಲವು ಮೊದಲು ಮುಳುಗಿ, ಉಬ್ಬಿದ ಮೇಲೆ ತೇಲುತ್ತವೆ. ದೊಡ್ಡವೇ ಹೆಚ್ಚು ಸತ್ತು ಮರಿಗಳು ಉಳಿದಿದ್ದರೆ ಆಮ್ಲಜನಕದ ಕೊರತೆ ಎಂದು ತಿಳಿಯಬಹುದು. ಮರಿ, ದೊಡ್ಡದು, ಕಪ್ಪೆ, ನೀರಹುಳು ಎಲ್ಲವೂ ಸತ್ತಿದ್ದರೆ ಮೇಲಿನ ಭತ್ತದ ಗದ್ದೆಯಿಂದ ಔಷಧಿಯ ನೀರು ಹರಿದು ಬಂದಿದೆಯೇ ಎಂದು ನೋಡಿ. ಸೈಪರ್‌ಮೆತ್ರಿನ್‌ನಂಥ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲೂ ಮೀನಿಗೆ ಮಾರಕ. ಅನುಮಾನವಿದ್ದಾಗ ಒಂದೂ ಮೀನು ಮನೆಗೂ ಸಂತೆಗೂ ಹೋಗಬಾರದು. ಬಾವಿ, ಬೋರ್‌ವೆಲ್‌ಗಳಿಂದ ದೂರ ಆಳದ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಬೇಕು.

ನದಿಯಂಚಿನ ಹೊಂಡದವರಿಗೆ ಇನ್ನೊಂದು ಕಾವಲು ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಇಲ್ಲಿ ಬಿರುಗಾಳಿಯೇನೂ ಇರಲಿಲ್ಲ. ಕಂಪ್ಲಿ ಸೇತುವೆಯ ಬಳಿ ನೀರು ಏರುತ್ತಿರುವ ಸುದ್ದಿ ಬಂತೆಂದರೆ ಆಕಾಶ ತಿಳಿಯಾಗಿದ್ದರೂ ನಿಮ್ಮ ಹೊಂಡದ ಗೇಟು ಮುಚ್ಚಿ.

ತೆರೆಯುವ ಮುನ್ನಿನ ಪರೀಕ್ಷೆ ಸುಲಭ. ಹಾಪಾದಲ್ಲಿ, ಅಂದರೆ ನೀರಿನಲ್ಲಿ ಕಟ್ಟುವ ಬಲೆಯ ತೊಟ್ಟಿಯಲ್ಲಿ, ಹತ್ತು ಮರಿಗಳನ್ನು ಬಿಟ್ಟು 48 ಗಂಟೆ ಹೊಂಡದಲ್ಲೇ ಇಡಿ. ಹತ್ತೂ ಚುರುಕಾಗಿದ್ದು, ಸತತ ಮೂರು ನಸುಕುಗಳ ಆಮ್ಲಜನಕದ ಅಳತೆ 4ಕ್ಕಿಂತ ಮೇಲಿದ್ದು, ಏರಿಯ ಗುರುತುಗೋಲುಗಳ ಬುಡ ಒಣಗಿದ್ದರೆ ಹಲಗೆ ತೆಗೆಯಬಹುದು. ಮೊದಲ ವಾರ ದುರಸ್ತಿಯಾದ ಏರಿಯ ಕಡೆ ಯಾರನ್ನೂ ಕೂರಿಸಬೇಡಿ. ಹಿಡಿದು ಬಿಡುವ ಆಟವೂ ಆ ವಾರ ಬೇಡ. ದಣಿದ ಮೀನನ್ನು ಆಡಿಸಿ ಬಿಟ್ಟರೆ ಅದು ಈಜಿಕೊಂಡು ಹೋದಂತೆ ಕಂಡರೂ ಮರುದಿನ ತೇಲುವುದುಂಟು. ಬೆಳಿಗ್ಗೆ ಎಂಟಕ್ಕೆ ಮೊದಲು ಗಾಳ ನೀರಿಗೆ ಬೀಳದಿರಲಿ, ನಸುಕಿನ ಅಳತೆಯನ್ನು ಆ ವಾರವೂ ಪುಸ್ತಕದಲ್ಲಿ ಬರೆಯುತ್ತಿರಿ.