ಕಂಪ್ಯೂಟರನ್ನು ಕಿವಿಯಿಂದ ಬಳಸುವುದು ಹೀಗೆ

ದೃಷ್ಟಿ ಕಳೆದುಕೊಂಡ ನಮ್ಮ ಸೋದರಮಾವನಿಗೆ ಕಂಪ್ಯೂಟರ್ ಕಲಿಸಲು ಕುಳಿತ ದಿನ ನಾನು ಮೊದಲು ಮಾಡಿದ ಕೆಲಸ, ಮೌಸನ್ನು ಕಿತ್ತು ಮೇಜಿನ ಖಾನೆಯೊಳಗೆ ಹಾಕಿದ್ದು. ತೆರೆಯೇ ಕಾಣದವರಿಗೆ ಅದರ ಬಾಣ ಎಲ್ಲಿದ್ದರೇನು? ಬೇಕಾದುದು ಕೀಲಿಮಣೆ ಮತ್ತು ತೆರೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್.

ವಿಂಡೋಸ್‌ಗೆ ನನ್ನ ಆಯ್ಕೆ ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು; ಅವರಿಗೂ ದೃಷ್ಟಿಯಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಸ್ಕ್ರೀನ್ ರೀಡರ್‌ಗಳ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇದು ಪೂರ್ತಿ ಉಚಿತ.

ಮೊದಲು ಇದನ್ನು ರೂಪಿಸುವ ಎನ್‌ವಿ ಆಕ್ಸೆಸ್ ಸಂಸ್ಥೆಯ ಜಾಲತಾಣದಿಂದ ಇಳಿಸಿಕೊಳ್ಳಿ. ನೆರವಿಗೆ ಯಾರೂ ಇಲ್ಲವೆಂದರೆ ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್‌ನಲ್ಲೇ ಇರುವ ನರೇಟರ್ ಎಂಬ ಸ್ಕ್ರೀನ್ ರೀಡರ್ ಅಲ್ಲಿಯವರೆಗೆ ದಾರಿ ತೋರಿಸುತ್ತದೆ. ಎನ್‌ವಿಡಿಎ ಅಳವಡಿಕೆಯ ಹಂತದಿಂದಲೇ ಮಾತಿಗಿಳಿಯುತ್ತದೆ. ಸ್ವಾಗತದ ಕಿಟಕಿಯಲ್ಲಿ ಎರಡು ಚೌಕಗಳಿಗೆ ಗುರುತು ಹಾಕಿ: ಲಾಗಿನ್ ಆದೊಡನೆ ತಾನಾಗಿ ಶುರುವಾಗಲು ಒಂದು, ಕ್ಯಾಪ್ಸ್‌ಲಾಕನ್ನು ಎನ್‌ವಿಡಿಎ ಕೀಲಿ, ಅಂದರೆ ಅದಕ್ಕೆ ಆಜ್ಞೆ ಕೊಡಲು ಬೇರೆ ಕೀಲಿಯೊಂದಿಗೆ ಒತ್ತುವ ಕೀಲಿ, ಆಗಿಸಲು ಇನ್ನೊಂದು. ಇನ್ಸರ್ಟ್ ಕೀಲಿಯೂ ಅದೇ ಕೆಲಸ ಮಾಡುತ್ತದೆ, ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಹುಡುಕುವುದೇ ಕಷ್ಟ.

ಮುಂದಿನದು ಕನ್ನಡದ ದನಿ. ಎನ್‌ವಿಡಿಎ ಕೀಲಿಯೊಂದಿಗೆ ಎನ್ ಒತ್ತಿ ಮೆನು ತೆರೆಯಿರಿ. ಪ್ರಿಫರೆನ್ಸಸ್, ಸೆಟ್ಟಿಂಗ್ಸ್, ಸ್ಪೀಚ್ ಎಂದು ಸಾಗಿ. ಸಿಂಥಸೈಜರ್, ಅಂದರೆ ಬರಹವನ್ನು ಮಾತಾಗಿಸುವ ತಂತ್ರಾಂಶ, ಆಗಿ ಇ-ಸ್ಪೀಕ್ ಎನ್‌ಜಿ, ವಾಯ್ಸ್ ಆಗಿ ಕನ್ನಡ ಆರಿಸಿ. ತಗಡಿನ ಡಬ್ಬಿಯೊಳಗೆ ಕುಳಿತು ಮಾತನಾಡಿದಂಥ ದನಿ ಅದು. ಮಾವ ಮುಖ ಕಿವಿಚಿದರು. ವೇಗ ತಗ್ಗಿಸಿಕೊಟ್ಟೆ, ವಾರ ಕಳೆಯುವುದರೊಳಗೆ ಅವರೇ ಏರಿಸಿಕೊಂಡಿದ್ದರು.

ಅಭ್ಯಾಸಕ್ಕೆ ಎನ್‌ವಿಡಿಎ ಕೀಲಿ ಮತ್ತು 1 ಒತ್ತಿ. ಆಮೇಲೆ ಯಾವ ಕೀಲಿ ಒತ್ತಿದರೂ ಅದರ ಹೆಸರು ಹೇಳುತ್ತದೆಯೇ ಹೊರತು ಏನೂ ಕೆಡುವುದಿಲ್ಲ. ಬೆರಳಿಗೆ ಗುರುತು ಸಿಗುವವರೆಗೆ ಆಡಿ. ಮುಗಿದ ಮೇಲೆ ಮತ್ತೆ ಅದನ್ನೇ ಒತ್ತಿ. ಕಿಟಕಿಯ ಶೀರ್ಷಿಕೆ ಕೇಳಲು ಎನ್‌ವಿಡಿಎ ಕೀಲಿ ಮತ್ತು ಟಿ, ಬಾಯಿ ಮುಚ್ಚಿಸಲು ಕಂಟ್ರೋಲ್. ಜಾಲತಾಣಗಳಲ್ಲಿ ಎಚ್ ಒತ್ತಿದರೆ ಒಂದು ತಲೆಬರಹದಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಪತ್ರಿಕೆಯನ್ನು ಮೇಲಿಂದ ಕೆಳಗೆ ಕಣ್ಣಾಡಿಸುವುದಕ್ಕೆ ಸಮನಾದದ್ದು ಇದೇ.

ಕನ್ನಡಿಗರು ಮುಗ್ಗರಿಸುವುದು ಇಷ್ಟೆಲ್ಲ ಆದ ಮೇಲೆ. ಮಾವನಿಗೊಂದು ಸುತ್ತೋಲೆ ಬಂತು. ತೆರೆಯ ಮೇಲೆ ನನಗೆ ಕಂಡದ್ದು ಅಚ್ಚುಕಟ್ಟಾದ ಕನ್ನಡ. ಅವರ ಕಿವಿಗೆ ಬಿದ್ದದ್ದು ಪಿ, ಪೌಂಡ್, ಕ್ಯೂ ಎಂಬಂಥ ಬಡಬಡಿಕೆ. ಕಡತ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದ್ದು. ಅದರಲ್ಲಿ ‘ಕ’ ಎಂಬುದು ಒಳಗೆ ಇಂಗ್ಲಿಷಿನ ಪಿ, ‘ನ’ ಎಂಬುದು ಪೌಂಡಿನ ಚಿಹ್ನೆ, ‘ಡ’ ಎಂಬುದು ಕ್ಯೂ. ಮೇಲೆ ಹೊದಿಸಿದ ಚಿತ್ರ ಮಾತ್ರ ಕನ್ನಡ. ಸ್ಕ್ರೀನ್ ರೀಡರಿಗೆ ಹೊದಿಕೆ ಕಾಣುವುದಿಲ್ಲ. ಅಂಥ ಪಠ್ಯವನ್ನು ಅಂತರ್ಜಾಲದಲ್ಲಿ ಸಿಗುವ ಉಚಿತ ಪರಿವರ್ತಕಕ್ಕೆ ಅಂಟಿಸಿ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್ ಮಾಡಿಕೊಳ್ಳಬೇಕು. ಕಳಿಸುವವರೇ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದರೆ ಈ ಪಾಡೇ ಇಲ್ಲ. ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸುವವರಂತೂ ಬರೀ ಚಿತ್ರ ಕಳಿಸುತ್ತಾರೆ. ಅದರಲ್ಲಿ ಓದಲು ಅಕ್ಷರವೇ ಇರುವುದಿಲ್ಲ.

ಪಾಸ್‌ವರ್ಡ್ ಬರೆಯುವಾಗ ಎನ್‌ವಿಡಿಎ ಅಕ್ಷರ ಹೇಳದೆ ‘ಸ್ಟಾರ್, ಸ್ಟಾರ್’ ಎನ್ನುತ್ತದೆ. ಪಕ್ಕದವರಿಗೆ ಕೇಳಿಸೀತೆಂಬ ಭಯ ಬೇಡ. ಕ್ಯಾಪ್ಸ್‌ಲಾಕನ್ನು ಎನ್‌ವಿಡಿಎಗೆ ಬಿಟ್ಟುಕೊಟ್ಟವರು ಅದನ್ನು ಹಳೆಯ ಕೆಲಸಕ್ಕೆ ಬಳಸಬೇಕೆಂದರೆ ಬೇಗಬೇಗ ಎರಡು ಸಲ ಒತ್ತಬೇಕು. ಇದು ಗೊತ್ತಿಲ್ಲದೆ ಮಾವ ಮೂರು ಸಲ ತಪ್ಪು ಪಾಸ್‌ವರ್ಡ್ ಕೊಟ್ಟು, ಕೊನೆಗೆ ನನಗೆ ಫೋನ್ ಮಾಡಿದ್ದರು.