ಸಂಬಳ ಏರುವ ದಿನಕ್ಕೆ ಗಂಟು ಹಾಕಿದ ಉಳಿತಾಯ

ದುಡ್ಡಿನ ವಿಷಯದಲ್ಲಿ ಮನಸ್ಸು ಹೇಗೆ ಎಡವುತ್ತದೆ ಎಂದು ಓದಿ, ಅದನ್ನೇ ಬಳಸಿ ಉಳಿತಾಯ ಮಾಡಲು ಹೊರಟೆ. ಪುಸ್ತಕದ ಬದನೆಕಾಯಿ ಎಂದು ನಕ್ಕವರೇ ಈಗ ನನ್ನ ಲೆಕ್ಕದ ಹಾಳೆ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಷ್ಟದ ಅಳುಕು (ಲಾಭದ ಖುಷಿಗಿಂತ ನಷ್ಟದ ನೋವು ಹೆಚ್ಚು ಚುಚ್ಚುವುದು), ಡಿಫಾಲ್ಟ್ (ನಾವು ಬದಲಿಸದಿದ್ದರೆ ತಾನಾಗಿ ನಡೆಯುವ ಆಯ್ಕೆ), ಆಂಕರ್ (ಮೊದಲು ಕಂಡ ಅಂಕಿಗೆ ಮನಸ್ಸು ಅಂಟಿಕೊಳ್ಳುವುದು), ಇಷ್ಟು ಗೊತ್ತಿದ್ದರೆ ಸಾಕು.

ಮೊದಲು ಕೈಕೊಟ್ಟದ್ದು ಖರ್ಚು ಬರೆದಿಡುವ ಆ್ಯಪ್. ಬರೆಯುವ ಹೊತ್ತಿಗೆ ದುಡ್ಡು ಹೋಗಿ ಆಗಿರುತ್ತದೆ. ಹಾಳೆಯ ಮೇಲ್ತುದಿಯಲ್ಲಿ ಸಹಿ ಹಾಕಿದರೆ ಜನ ಸತ್ಯ ಬರೆಯುತ್ತಾರೆ ಎಂಬ 2012ರ ಪ್ರಬಂಧ ನಂಬಿ ಅದನ್ನೂ ಮಾಡಿದೆ. 2021ರಲ್ಲಿ ಆ ಪ್ರಬಂಧವನ್ನೇ ಹಿಂಪಡೆದರು!

ಎರಡನೆಯದು ದುಬಾರಿ ಪಾಠ. ಪ್ರವಾಸಕ್ಕೊಂದು, ತುರ್ತಿಗೊಂದು ಎಂದು ಐದು ಖಾತೆ ಮಾಡಿದೆ. ಆ ಖಾತೆಗಳಲ್ಲಿ ವರ್ಷಕ್ಕೆ ಶೇ. 3-4 ಬಡ್ಡಿ, ಅದೇ ಹೊತ್ತಿಗೆ ಕ್ರೆಡಿಟ್ ಕಾರ್ಡ್ ಬಾಕಿಗೆ ತಿಂಗಳಿಗೇ ಸುಮಾರು ಶೇ. 3 ಕಟ್ಟುತ್ತಿದ್ದೆ. ಪ್ರವಾಸದ ದುಡ್ಡು ಮುಟ್ಟಬಾರದು ಎಂಬ ಶಿಸ್ತೇ ಜೇಬು ಕತ್ತರಿಸಿತು. ಒಂದೇ ದುಡ್ಡನ್ನು ಮನಸ್ಸು ಹೀಗೆ ಬೇರೆ ಬೇರೆ ಗಂಟಾಗಿ ನೋಡುವ 'ಮನಸ್ಸಿನ ಲೆಕ್ಕಪತ್ರ'ದ ಬಗ್ಗೆ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲೇ ಬರೆದಿದ್ದರು, ಓದಿಯೂ ಬಿದ್ದೆ. ಆಮೇಲೆ ಒಂದೇ ಏಟಿಗೆ ಸಂಬಳದ ಶೇ. 15 ಉಳಿತಾಯಕ್ಕೆ ಕಡಿತವಾಗುವಂತೆ ಹಾಕಿದೆ, ಮೂರನೇ ತಿಂಗಳು ರದ್ದು ಮಾಡಿದೆ. ಹೋದ ತಿಂಗಳು ಕೈಗೆ ಬಂದದ್ದಕ್ಕಿಂತ ಕಡಿಮೆ ಬಂದರೆ ಮನಸ್ಸು ಅದನ್ನು ಉಳಿತಾಯ ಅನ್ನುವುದಿಲ್ಲ, ನಷ್ಟ ಅನ್ನುತ್ತದೆ.

ಫಲ ಕೊಟ್ಟದ್ದು ಥೇಲರ್ ಮತ್ತು ಅವರ ಸಹಸಂಶೋಧಕ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಯೋಜನೆ: ಮುಂದೆ ಸಂಬಳ ಏರಿದಾಗಲೆಲ್ಲ ಉಳಿತಾಯದ ಪಾಲೂ ಏರಲಿ ಎಂದು ಈಗಲೇ ಒಪ್ಪಿಕೊಳ್ಳುವುದು. ಅದಕ್ಕೆ ಸೇರಿದ ಕಂಪನಿಯೊಂದರ ನೌಕರರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ 13.6ಕ್ಕೆ ಏರಿತ್ತು. ಕಂಪನಿಯ ಮಟ್ಟದ ಆ ವ್ಯವಸ್ಥೆಯನ್ನು ಒಬ್ಬನೇ ಮಾಡಿಕೊಳ್ಳಲಾಗದು ಎಂದು ನಕ್ಕವರು ಅಂದರು. ಆಗುತ್ತದೆ. ಇಂದಿನ ಸಂಬಳ ಮುಟ್ಟಬೇಡಿ. ಏರಿಕೆಗೆ ಎರಡು ಮೂರು ತಿಂಗಳು ಮುಂಚೆಯೇ, ಬರುವ ಏರಿಕೆಯ ಅರ್ಧ ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಆದೇಶ ಕೊಡಿ. ಮೊತ್ತ ಖಚಿತವಿಲ್ಲದಿದ್ದರೆ ಅಂದಾಜಿನಲ್ಲಿ ಹಾಕಿ, ಆಮೇಲೆ ತಿದ್ದಿ. ಏರಿದ ದುಡ್ಡು ಒಮ್ಮೆ ಕೈಗೆ ಬಂತೋ, ಅದೇ ಹೊಸ ಅಳತೆಗೋಲಾಗುತ್ತದೆ.

ಕಡಿತದ ದಿನ ಗೊತ್ತುಮಾಡುವುದರಲ್ಲೇ ಹೆಚ್ಚಿನವರು ಎಡವುವುದು. ಸಂಬಳದ ದಿನವೇ ಇಟ್ಟರೆ ಸಂಬಳ ತಡವಾದಾಗ ಕಡಿತ ವಿಫಲವಾಗಿ ದಂಡ ಬೀಳುತ್ತದೆ. ನನಗೆ ಎರಡು ಸಲ ಬಿತ್ತು. ವಾರ ಬಿಟ್ಟರೆ ದುಡ್ಡೇ ಇರುವುದಿಲ್ಲ. ಎರಡು ದಿನದ ಅಂತರ ಸರಿ. ಬೆಲೆಯೇರಿಕೆ ಜೋರಾಗಿದ್ದ ವರ್ಷ ಅರ್ಧದ ಬದಲು ಮೂರನೇ ಒಂದು ಪಾಲು ಸಾಕು. ಕಾರ್ಡ್ ಬಾಕಿ ಇದ್ದರೆ ಮೊದಲ ಏರಿಕೆಯ ಪಾಲು ಅಲ್ಲಿಗೇ ಹೋಗಲಿ.

ಈಗ ಸಂಬಳದ ಶೇ. 5 ಉಳಿಸುತ್ತಿದ್ದು, ಪ್ರತಿ ಸಲ ಶೇ. 8ರಂತೆ ಬರುವ ನಾಲ್ಕು ಏರಿಕೆಯ ಅರ್ಧವೂ ಅಲ್ಲಿಗೇ ಹೋದರೆ, ಉಳಿತಾಯ ಸಂಬಳದ ಶೇ. 17ರ ಹತ್ತಿರ ನಿಲ್ಲುತ್ತದೆ. ನಾನೂ ಹೆಚ್ಚುಕಡಿಮೆ ಅಲ್ಲೇ ಇದ್ದೇನೆ, ಖರ್ಚು ಬಿಗಿಹಿಡಿದ ನೆನಪೂ ಇಲ್ಲ. ಕಡಿತ ನಿಲ್ಲಿಸುವ ದಾರಿ ಪೂರ್ತಿ ಮುಚ್ಚಬೇಡಿ, ತುಸು ಸುತ್ತುಬಳಸು ಮಾಡಿ. ನಾನು ಅದನ್ನು ಹೇಗೆ ಸುತ್ತಿಸಿದೆ ಎಂಬುದು ಮಾತ್ರ ನನ್ನ ಬಳಿಯೇ ಇರಲಿ.

ಇದರ ಜೊತೆಗೇ ಒಂದೆರಡು ಪುಡಿ ಪ್ರಯೋಗ ನಡೆದವು. ಬೆಲೆಚೀಟಿ ನೋಡುವ ಮುಂಚೆ ನಾನು ಎಷ್ಟು ಕೊಡಬಲ್ಲೆ ಎಂದು ಬರೆದಿಟ್ಟುಕೊಳ್ಳುವುದು ಮೊದಲ ಸಲ ನೋಡುವ ವಸ್ತುವಿಗೆ ಚೆನ್ನಾಗಿ ಹಿಡಿಯಿತು. ಎರಡನೇ ಸಲ ಹೋದಾಗ ಹಳೆಯ ಚೀಟಿಯ ಅಂಕಿ ತಲೆಯಲ್ಲೇ ಕೂತಿರುತ್ತದೆ, ಕೆಲಸಕ್ಕೆ ಬಾರದು. ಷೇರುಗಳಿಗೆ ಹಾಳೆಯಲ್ಲಿ ಕೊಂಡ ಬೆಲೆಯ ಕಾಲಂ ಮರೆಮಾಡಿ, "ಇದು ನನ್ನ ಬಳಿ ಇಲ್ಲದಿದ್ದರೆ ಇವತ್ತಿನ ಬೆಲೆಗೆ ಕೊಳ್ಳುತ್ತಿದ್ದೆನೇ?" ಎಂದಷ್ಟೇ ಕೇಳಿಕೊಂಡೆ. ವರ್ಷಗಟ್ಟಲೆ ನಷ್ಟದಲ್ಲಿ ಕೂತಿದ್ದ ಮೂರು ಷೇರುಗಳನ್ನು ಒಂದೇ ವಾರದಲ್ಲಿ ಮಾರಿಬಿಟ್ಟೆ. ಹೊಸದಾಗಿ ಕೊಂಡವಕ್ಕೆ ಉಪಾಯ ನಡೆಯಲಿಲ್ಲ, ಆ ಬೆಲೆಗಳೆಲ್ಲ ಬಾಯಿಪಾಠವಾಗಿದ್ದವು. ತೆರಿಗೆಗೆ ಆ ಕಾಲಂ ಬೇಕೇ ಬೇಕು, ಅಳಿಸಬೇಡಿ. ಬೇರೆ ಹಾಳೆಗೆ ಹಾಕಿಡಿ.